ಸ್ವಲ್ಪ ಅಂದರೆ ಎಷ್ಟು

ಸೆಪ್ಟೆಂಬರ್ 8, ಸೋಮವಾರ

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟವರ ಕೈಗೆ ಒಂದು ದಿನ ಅನ್ನದ ಸಟ್ಟುಗ ಕೊಟ್ಟು ನಿಲ್ಲಿಸಬೇಕು, ಆಗ ಗೊತ್ತಾಗುತ್ತದೆ. ನನಗೆ ಅರವತ್ತೆಂಟು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು, ಔಷಧಿ ಚೀಟಿ, ಅಕ್ಕಿ ಮೂಟೆಯ ಮೇಲಿನ ತಾರೀಖು ಓದಲು ಬರುತ್ತದೆ. ಇಷ್ಟು ವರ್ಷ ಅಷ್ಟೇ ಸಾಕಾಗಿತ್ತು. ಈಗ ದಿನಚರಿ ಬರೆಯಬೇಕಂತೆ.

ಬರೆಸುತ್ತಿರುವವರು ತಾಕ್ ಹ್ಯೆರಿಮ್ ಮೇಡಂ. ವಿಶ್ವವಿದ್ಯಾಲಯದಲ್ಲಿ ಪರಿಸರದ ಪಾಠ ಮಾಡುವವರು. ಬೆಳಿಗ್ಗೆ ವಿದ್ಯಾರ್ಥಿಗಳ ಊಟದ ಮನೆಗೆ ಬಂದು ಎರಡು ಸಾಲಿನಲ್ಲಿ ಬಡಿಸುವ ನಮ್ಮ ನಾಲ್ಕು ಹೆಂಗಸರಿಗೂ ಒಂದೊಂದು ನೋಟುಬುಕ್ಕು ಹಂಚಿದರು.

"ಮಾಲ್ಸುನ್ ಅಮ್ಮ, ದಿನಾ ಏನು ಮಿಕ್ಕುತ್ತೆ, ಯಾಕೆ ಮಿಕ್ಕುತ್ತೆ, ನಿಮಗೇನನ್ಸುತ್ತೆ, ಬರೀರಿ. ಯಾರಿಗೂ ತೋರಿಸ್ಬೇಕಾಗಿಲ್ಲ."

"ಯಾರಿಗೂ ತೋರಿಸ್ದೇ ಇರೋದಾದ್ರೆ ಯಾಕೆ ಬರೀಬೇಕು?"

"ನಿಮಗೋಸ್ಕರ."

"ನನಗೆ ಗೊತ್ತಿರೋದನ್ನ ನನಗೇ ಹೇಳ್ಕೊಳ್ಳೋಕೆ ನನಗೇನು ಹುಚ್ಚಾ?"

ಮೇಡಂ ನಕ್ಕರು. ಬೈದರೆ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇನ್ನೇನು ಹೇಳಲಿ ಅವರಿಗೆ? ನನ್ನ ಪಕ್ಕ ಸಾರು ಬಡಿಸುವ ಓಕ್ಜಾ ಆಗಲೇ ತನ್ನ ಪುಸ್ತಕದ ಮೊದಲ ಹಾಳೆಯಲ್ಲಿ ಮೂಲಂಗಿ ಚಿತ್ರ ಬರೆದು ಮುಗಿಸಿದ್ದಳು. ಅವಳ ದಿನಚರಿ ಅಲ್ಲಿಗೆ ಮುಗಿಯಿತು.

ನಿಜವಾದ ವಿಷಯ ಇದಲ್ಲ. ನಿಜವಾದ ವಿಷಯ ಆಡಳಿತ ಕಚೇರಿಯ ಮ್ಯಾನೇಜರ್ ಪ್ಯೋ ಹೇಳಿದ್ದು. ಕ್ಯಾಂಪಸ್ಸನ್ನು ಹಸಿರು ಮಾಡುತ್ತಾರಂತೆ. ಎಲ್ಲ ಕಟ್ಟಡಗಳ ಕಸ ತೂಗಿ ನೋಡಿದರೆ ನಮ್ಮ ಊಟದ ಮನೆಯ ಮುಸುರೆಯೇ ಮೊದಲ ನಂಬರು. ಒಂದು ಮಧ್ಯಾಹ್ನಕ್ಕೆ ನೂರ ಐವತ್ತು ಕಿಲೋ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಎಪ್ಪತ್ತಕ್ಕೆ ಇಳಿಯಬೇಕು. ಇಳಿಯದಿದ್ದರೆ ಮಾರ್ಚಿನಿಂದ ಬಡಿಸುವ ಸಾಲೇ ಇಲ್ಲ. ಪಲ್ಯ, ಸಾರು ಹೊರಗಿನ ಕಂಪನಿಯಿಂದ ಡಬ್ಬಿಯಲ್ಲಿ ಬರುತ್ತದೆ, ಅನ್ನಕ್ಕೆ ಯಂತ್ರ. ಗುಂಡಿ ಒತ್ತಿದರೆ ಅಳತೆ ಅನ್ನ ಬೀಳುತ್ತದೆ.

"ನಾವು ನಾಲ್ಕು ಜನ?" ಅಂದೆ.

"ನಿಮ್ಮನ್ನ ಬೇರೆ ಕಡೆ ಹಾಕೋದು ನೋಡೋಣ."

ಈ ‘ನೋಡೋಣ’ದ ಅರ್ಥ ನಾಲ್ಕನೇ ಕ್ಲಾಸಿಗೇ ನನಗೆ ಗೊತ್ತಿತ್ತು.

ಮುಸುರೆ ಯಾಕೆ ಜಾಸ್ತಿ ಅಂತ ಕೇಳಿದರಲ್ಲ, ಬರೆಯುತ್ತೇನೆ: ಈ ಕಾಲದ ಮಕ್ಕಳ ಕೊಬ್ಬು. ದಿನಚರಿ ಮುಗಿಯಿತು.

ಸೆಪ್ಟೆಂಬರ್ 11, ಗುರುವಾರ

ಮುಗಿಯಲಿಲ್ಲ. ಮೇಡಂ ತಮ್ಮ ಕ್ಲಾಸಿನ ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ಮುಸುರೆ ಡ್ರಮ್ಮಿನ ಮುಂದೆ ನಿಲ್ಲಿಸಿದ್ದಾರೆ. ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ಅನ್ನ ಬೇರೆ, ಪಲ್ಯ ಬೇರೆ, ಸಾರು ಬೇರೆ ಮಾಡಿ ತೂಗುತ್ತಾರೆ. ಒಬ್ಬ ಮಾಸ್ಕಿನ ಮೇಲೇ ಮೂಗು ಹಿಡಿದುಕೊಂಡು ಆಚೆ ಓಡಿದ. ಇದೂ ಒಂದು ಪಾಠವಂತೆ. ಪಾಠ ಆಗಲಿ ಬಿಡಿ. ತಿಂದವರು ವಾಸನೆಯನ್ನೂ ನೋಡಲಿ.

ಅನ್ನದ ಜಾಗದಲ್ಲಿ ಈ ವಾರ ನಾನು. ಒಂದು ವಾರ ನಾನು, ಒಂದು ವಾರ ಓಕ್ಜಾ. ಸಾಲಿನಲ್ಲಿ ಬರುವ ಒಂಬೈನೂರು ಮಕ್ಕಳಲ್ಲಿ ಎಂಟುನೂರು ಮಕ್ಕಳು ಒಂದೇ ಮಾತು ಹೇಳುತ್ತಾರೆ: "ಸ್ವಲ್ಪ ಹಾಕಿ ಚಿಕ್ಕಮ್ಮ." ಹೇಳಲಿ. ಹೇಳಬೇಕಾದ್ದೇ. ಜಾಸ್ತಿ ಹಾಕು ಅಂತ ಬಾಯಿಬಿಟ್ಟು ಕೇಳುವ ಮಗುವಿಗೆ ನಮ್ಮೂರಲ್ಲಿ ತಾಯಿಯೇ ತಲೆಗೆ ಮೊಟಕುತ್ತಿದ್ದಳು. ಸ್ವಲ್ಪ ಅನ್ನುವುದು ಮರ್ಯಾದೆ, ಗುಡ್ಡೆ ಬಡಿಸುವುದು ನನ್ನ ಮರ್ಯಾದೆ. ಅವರು ಅವರದು ಮಾಡುತ್ತಾರೆ, ನಾನು ನನ್ನದು ಮಾಡುತ್ತೇನೆ.

ಬ್ಯಾಗಿಗೆ ಬೆಕ್ಕಿನ ಗೊಂಬೆ ನೇತುಹಾಕಿಕೊಂಡ ಒಂದು ಹುಡುಗಿ ಬರುತ್ತಾಳೆ. ಅವಳು ಇನ್ನೂ ಒಂದು ಹೆಜ್ಜೆ ಮುಂದೆ. "ತುಂಬಾ ಸ್ವಲ್ಪ ಸಾಕು." ನಾನು ಗೋಪುರ ಕಟ್ಟುತ್ತೇನೆ. ಅವಳ ತಟ್ಟೆ ವಾಪಸ್ಸು ಬಂದಾಗ ಒಂದು ಅಗುಳೂ ಇರುವುದಿಲ್ಲ. ಹಾಗೆ ತಿನ್ನಬೇಕು. ಅಂಥ ಮಕ್ಕಳು ಇರುವುದಕ್ಕೆ ನನ್ನ ಕೈಗೆ ಇನ್ನೂ ಶಕ್ತಿ ಇದೆ.

ಸೆಪ್ಟೆಂಬರ್ 23, ಮಂಗಳವಾರ

ಮೂಲಂಗಿ ಸಾರು. ಮುಸುರೆ ನೂರ ಐವತ್ತಾರು. ಸೊಂಟ ನೋವು. ಬರೆಯಲು ಏನೂ ಇಲ್ಲ.

ಅಕ್ಟೋಬರ್ 1, ಬುಧವಾರ

ಇವತ್ತು ನನ್ನನ್ನು ಕ್ಲಾಸಿಗೆ ಕರೆದರು. ಗೌರವ ಮಾಡುತ್ತಾರೆ ಅಂದುಕೊಂಡು ಮುಖ ತೊಳೆದು, ಏಪ್ರನ್ ಬಿಚ್ಚಿಟ್ಟು ಹೋದೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಗೋಡೆಯ ಮೇಲೆ ಉದ್ದುದ್ದ ಕಂಬಗಳ ಚಿತ್ರ, ವಾರವಾರ ಮಿಕ್ಕ ಅನ್ನದ ಲೆಕ್ಕ. ಒಂದು ವಾರ ಕಂಬ ಕುಳ್ಳು, ಇನ್ನೊಂದು ವಾರ ಎತ್ತರ. ಕುಳ್ಳು, ಎತ್ತರ, ಕುಳ್ಳು, ಎತ್ತರ. ನೋಡುತ್ತಾ ನೋಡುತ್ತಾ ನನಗೇ ಅರ್ಥವಾಯಿತು. ಎತ್ತರದ ವಾರಗಳು ನನ್ನವು.

ಅನ್ನ ಬಿಟ್ಟವರನ್ನು ನಿಲ್ಲಿಸಿ ಯಾಕೆ ಬಿಟ್ಟೆ ಅಂತ ಕೇಳಿದ್ದರಂತೆ. ಒಬ್ಬಳು ಎದ್ದು ಓದಿದಳು. ನೂರು ಜನರಲ್ಲಿ ಎಪ್ಪತ್ತೊಂದು ಜನರದು ಒಂದೇ ಉತ್ತರ: ಸ್ವಲ್ಪ ಅಂದೆ, ಚಿಕ್ಕಮ್ಮ ಕೇಳಿಸಿಕೊಳ್ಳಲಿಲ್ಲ.

ಮೇಡಂ ಮುಖ ಕೆಂಪಾಯಿತು. "ಇದು ಒಬ್ಬರ ತಪ್ಪಿನ ವಿಷಯ ಅಲ್ಲ..." ಅಂತ ಶುರು ಮಾಡಿದರು.

"ಕಂಬದ ಮೇಲೆ ನನ್ನ ಹೆಸರು ಬರೀದೇ ಇದ್ರೆ ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಹಸಿದವರಿಗೆ ಅನ್ನ ಹಾಕಿದೆ. ಅದು ಯಾವ ಕಾನೂನಲ್ಲಿ ತಪ್ಪು?" ಅಂದು ಎದ್ದು ಬಂದೆ. ಬಾಗಿಲು ಜೋರಾಗಿ ಹಾಕಬೇಕೆಂದಿದ್ದೆ. ಅದು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಬಾಗಿಲು. ಅದೂ ನನ್ನ ಕಡೆಗಿಲ್ಲ.

ಓಕ್ಜಾ ಪಾತ್ರೆ ತೊಳೆಯುತ್ತಾ ಹೇಳಿದಳು: "ಅಕ್ಕಾ, ಐದನೇ ಹೆಣ್ಣು ಹುಟ್ತು, ಇನ್ನು ಸಾಕು ಅಂತ ತಾನೆ ನಿಮಗೆ ಮಾಲ್ಸುನ್ ಅಂತ ಹೆಸರಿಟ್ಟಿದ್ದು? ಹೆಸರಲ್ಲೇ ‘ಸಾಕು’ ಇಟ್ಕೊಂಡು ಸಾಕು ಅಂದ್ರೆ ಕೇಳಿಸಲ್ಲ ಅಂತೀರಲ್ಲ!" ಒದ್ದೆ ಬಟ್ಟೆಯಲ್ಲಿ ಹೊಡೆದೆ. ನಕ್ಕಳು.

ಅವಳಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆದುಬಿಡುತ್ತೇನೆ. ಹನ್ನೊಂದನೇ ವರ್ಷಕ್ಕೆ ನನ್ನನ್ನು ತೆಗೂ ಪಟ್ಟಣದ ಒಂದು ಮನೆಗೆ ಕೆಲಸಕ್ಕೆ ಬಿಟ್ಟರು. ಆ ಮನೆಯೊಡತಿ ಕೆಟ್ಟವಳೇನಲ್ಲ. ನನ್ನ ಬಟ್ಟಲಿಗೆ ಅನ್ನ ಹಾಕಿ, ಬಟ್ಟಲ ಬಾಯಿಯ ಮೇಲೆ ಚಾಪ್‌ಸ್ಟಿಕ್ ಎಳೆದು ಸಮ ಮಾಡುತ್ತಿದ್ದಳು. ಕಡ್ಡಿಗೆ ಹತ್ತಿದ ನಾಲ್ಕು ಅಗುಳನ್ನು ವಾಪಸ್ಸು ಪಾತ್ರೆಗೆ ಹಾಕುತ್ತಿದ್ದಳು. ಆರು ವರ್ಷ ಆ ನಾಲ್ಕು ಅಗುಳನ್ನು ನೋಡಿದೆ. ನನ್ನ ಕೈಗೆ ಸಟ್ಟುಗ ಬಂದ ದಿನ ಯಾರ ಬಟ್ಟಲನ್ನೂ ಸಮ ಮಾಡುವುದಿಲ್ಲ ಅಂದುಕೊಂಡಿದ್ದೆ.

ಈಗ ಅದಕ್ಕೆ ಕಂಬ ಕಟ್ಟಿ ತೋರಿಸುತ್ತಾರೆ.

ಅಕ್ಟೋಬರ್ 6, ಸೋಮವಾರ, ಛುಸೊಕ್ ಸುಗ್ಗಿ ಹಬ್ಬ

ಬೆಳಿಗ್ಗೆ ಹಿರಿಯರ ಮುಂದೆ ಹೊಸ ಅಕ್ಕಿ ಅನ್ನ ಗೋಪುರದ ಹಾಗೆ ಇಟ್ಟು ನಮಸ್ಕಾರ ಮಾಡಿದೆವು. ಆಮೇಲೆ ನಮ್ಮ ಮುದುಕನಿಗೆ ಬಡಿಸಿದೆ. ಅವರು ಬಟ್ಟಲನ್ನು ನೋಡಿದರು, ಹಿರಿಯರ ಬಟ್ಟಲನ್ನು ನೋಡಿದರು.

"ನಾನಿನ್ನೂ ಸತ್ತಿಲ್ಲ ಕಣೇ. ನನಗೂ ಯಾಕೆ ಗೋಪುರ?"

"ನಲವತ್ತೈದು ವರ್ಷ ಬಾಯಿ ಮುಚ್ಕೊಂಡು ತಿಂದ್ರಿ. ಇವತ್ತು ಬಾಯಿ ಬಂತಾ?"

"ದಿನಾ ಸಾಕು ಅಂತಾನೇ ಇದ್ದೀನಲ್ಲೇ. ಕೇಳಿಸ್ಕೊಂಡಿದ್ರೆ ತಾನೆ."

ಕ್ಲಾಸಿನಲ್ಲಿ ಕೇಳಿದ ಮಾತೇ. "ಸಾಕು ಅಂದವ್ರು ಮತ್ತೆ ತಿಂದ್ರಲ್ಲ?"

ಅವರು ಕಿಟಕಿ ಕಡೆ ನೋಡಿದರು. ಹಿಂದಿನ ಮನೆಯವಳ ಕೋಳಿಗಳು ಬೇಲಿ ಹತ್ತಿರ ಸಾಲಾಗಿ ನಿಂತಿದ್ದವು, ಸರದಿಗೆ ಕಾಯುವವರ ಹಾಗೆ. ಸಕ್ಕರೆ ಕಾಯಿಲೆ ಬಂದ ಐದು ವರ್ಷದಿಂದ ನನ್ನ ಅರ್ಧ ಅನ್ನ ಆ ಬೇಲಿ ದಾಟುತ್ತಿದೆಯಂತೆ. ನಾನು ಆ ಹೆಂಗಸಿಗೆ ಎಷ್ಟು ಸಲ ಹೇಳಿದ್ದೇನೆ, ನಿಮ್ಮ ಕೋಳಿ ಏನು ಚೆನ್ನಾಗಿ ಮೈಕೈ ತುಂಬಿಕೊಂಡಿವೆ ಅಂತ!

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಾನೇ ತಿಂತಿದ್ದೆ."

"ಜೋರಾಗಿ ಬೇಡ ಅನ್ನೋಕೇನಾಗಿತ್ತು ನಿಮಗೆ?"

"ಬಡಿಸೋವಾಗ ನಿನ್ನ ಮುಖ ನೀನು ನೋಡಿದ್ದೀಯಾ? ನಾನು ನೋಡಿದ್ದೀನಿ."

ಅಷ್ಟೇ ಹೇಳಿ ತಿನ್ನತೊಡಗಿದರು. ನಾನು ಸಂಜೆಯವರೆಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದೆ. ಕೋಪ ಅಂತ ಅವರು ಅಂದುಕೊಂಡಿರಬೇಕು. ಕೋಪವೇ ಇರಬೇಕು. ಸಂಜೆ ಅರ್ಧ ಬಟ್ಟಲು ಬಡಿಸಿದೆ. ಅವರು ತಿಂದು, ಬಟ್ಟಲು ತಿರುಗಿಸಿ ತೋರಿಸಿದರು. ಮಕ್ಕಳ ಹಾಗೆ.

ಅಕ್ಟೋಬರ್ 14, ಮಂಗಳವಾರ

ರಜೆ ಮುಗಿಯಿತು. ಇವತ್ತಿನಿಂದ ಹೇಳಿದಷ್ಟೇ ಬಡಿಸುವುದು ಅಂತ ನಾನೇ ತೀರ್ಮಾನ ಮಾಡಿದೆ. ಅನ್ನದ ಜಾಗವನ್ನೂ ವಾರಕ್ಕೊಮ್ಮೆ ಬದಲಿಸದೆ ನಾನೇ ಇಟ್ಟುಕೊಂಡೆ. ಯಾರೋ ಕಂಬ ತೋರಿಸಿದರು ಅಂತ ಅಲ್ಲ. ನನಗೆ ಅನ್ನಿಸಿತು, ಅದಕ್ಕೆ.

ಕೈ ಕೇಳುವುದಿಲ್ಲ. ಸ್ವಲ್ಪ ಅಂದರೆ ಸ್ವಲ್ಪ ಹಾಕುತ್ತೇನೆ, ಸಟ್ಟುಗ ತಾನಾಗಿ ಇನ್ನೊಮ್ಮೆ ಪಾತ್ರೆಗೆ ಇಳಿಯುತ್ತದೆ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ನಿಂತೆ. ಓಕ್ಜಾ ನೋಡಿ, "ಅಕ್ಕಾ, ಯಾರಾದ್ರೂ ನೋಡಿದ್ರೆ ಪಾರ್ಶ್ವವಾಯು ಹೊಡೀತು ಅಂದ್ಕೋತಾರೆ" ಅಂದಳು.

ಸಾಲಿನಲ್ಲಿ ತಾಕ್ ಮೇಡಂ ಕೂಡ ಬಂದರು. ನನ್ನ ಮುಖ ನೋಡಲು ಹೆದರಿಕೆ. "ಅರ್ಧ ಸಾಕು ಅಮ್ಮ." ಅರ್ಧ ಹಾಕಿದೆ. ಅರ್ಧ ಅಂದರೆ ಅರ್ಧ. ಅವರ ಕಣ್ಣಲ್ಲಿ ನೀರು ಬಂದ ಹಾಗಿತ್ತು, ಸಾರಿನ ಹಬೆ ಇರಬೇಕು.

ಅಕ್ಟೋಬರ್ 22, ಬುಧವಾರ

ತೊಂಬತ್ತಾರು ಕಿಲೋ! ಮೂರಂಕಿಯಿಂದ ಇಳಿಯಿತು. ಓಕ್ಜಾ ಸೌಟು ಹಿಡಿದು ಕುಣಿದಳು. ಮ್ಯಾನೇಜರ್ ಪ್ಯೋ ಬಂದು ಡ್ರಮ್ಮಿನ ಜೊತೆ ನಮ್ಮ ಫೋಟೋ ತೆಗೆದರು. ಮೇಡಂ ಕ್ಲಾಸಿನ ಮಕ್ಕಳು ‘ಕೇಳಿದಷ್ಟೇ ಬಡಿಸುತ್ತೇವೆ, ಬಡಿಸಿದಷ್ಟೂ ತಿನ್ನಿ’ ಅಂತ ದೊಡ್ಡ ಹಾಳೆ ಅಂಟಿಸಿದ್ದಾರೆ.

ಎಲ್ಲರೂ ಖುಷಿ. ನಾನೂ ಖುಷಿಯಾಗಿರಬೇಕಿತ್ತು.

ಬೆಕ್ಕಿನ ಬ್ಯಾಗಿನ ಹುಡುಗಿ ಎಂದಿನಂತೆ "ತುಂಬಾ ಸ್ವಲ್ಪ ಸಾಕು" ಅಂದಳು. ನಾನು ತುಂಬಾ ಸ್ವಲ್ಪ ಹಾಕಿದೆ. ಬಟ್ಟಲನ್ನು ಒಂದು ಕ್ಷಣ ನೋಡಿ, "ಥ್ಯಾಂಕ್ಸ್ ಚಿಕ್ಕಮ್ಮ" ಅಂದು ಹೋದಳು. ಮೂಲೆ ಮೇಜಿನಲ್ಲಿ ಕೂತು ನಾಲ್ಕು ತುತ್ತಿನಲ್ಲಿ ಅನ್ನ ಮುಗಿಸಿದಳು. ಆಮೇಲೆ ಕೋಸಿನ ಕಿಮ್ಚಿಯನ್ನು ಒಂದೊಂದೇ ಎಸಳು ಅಗಿದಳು. ಆಮೇಲೆ ನೀರು. ಎದ್ದು ಹೋಗಿ ಇನ್ನೊಂದು ಲೋಟ. ಮತ್ತೆ ಇನ್ನೊಂದು.

ಮೂರು ಲೋಟ ನೀರು. ಆ ನೀರು ನನಗೆ ಗೊತ್ತು. ತೆಗೂ ಪಟ್ಟಣದಲ್ಲಿ ಆರು ವರ್ಷ ಕುಡಿದಿದ್ದೇನೆ.

ಅಕ್ಟೋಬರ್ 24, ಶುಕ್ರವಾರ

ಇವತ್ತು ಅವಳು ಬಂದಾಗ ಏನೂ ಕೇಳದೆ ಗುಡ್ಡೆ ಹಾಕಿದೆ. ಹಿಂದಿದ್ದವನೊಬ್ಬ, "ಅಯ್ಯೋ ಚಿಕ್ಕಮ್ಮ, ಇವಳಿಗ್ಯಾಕೆ ಸ್ಪೆಷಲ್? ಹಾಳೆ ನೋಡಿಲ್ವಾ?" ಅಂದ. ತಮಾಷೆಗೆ ಅಂದದ್ದೇ. ಹುಡುಗಿಯ ಕಿವಿ ಕೆಂಪಾಯಿತು. "ಬೇಡ ಚಿಕ್ಕಮ್ಮ, ತೆಗೀರಿ" ಅಂದಳು. ತೆಗೆಯಲಿಲ್ಲ ನಾನು. ಅವಳು ತಟ್ಟೆಯನ್ನು ಅಲ್ಲೇ ಇಟ್ಟು ಹೋಗಿಬಿಟ್ಟಳು.

ಅಕ್ಟೋಬರ್ 29, ಬುಧವಾರ

ಸೋಮವಾರ ಬರಲಿಲ್ಲ. ನಿನ್ನೆ ಬರಲಿಲ್ಲ. ಇವತ್ತೂ ಇಲ್ಲ.

ಮುಸುರೆ ತೊಂಬತ್ತೊಂದು. ಯಾರಿಗೆ ಬೇಕು.

ಕೆಲಸ ಮುಗಿಸಿ ನೇರ ತಾಕ್ ಮೇಡಂ ರೂಮಿಗೆ ಹೋದೆ. ಕೂರಿ ಅಂದರು, ಕೂರಲಿಲ್ಲ.

"ನಿಮ್ಮ ತಕ್ಕಡಿ ತಟ್ಟೇಲಿ ಮಿಕ್ಕಿದ್ದನ್ನ ತೂಗುತ್ತೆ. ಹೊಟ್ಟೇಲಿ ಮಿಕ್ಕಿದ ಹಸಿವನ್ನ ಯಾವುದರಲ್ಲಿ ತೂಗ್ತೀರಿ?" ಅಂತ ಶುರು ಮಾಡಿ, ಹುಡುಗಿಯ ಕಥೆ ಎಲ್ಲ ಹೇಳಿದೆ. ನನ್ನ ತೆಗೂ ಕಥೆಯೂ ಬಾಯಿಂದ ಬಿದ್ದುಬಿಟ್ಟಿತು. ಹೇಳಬಾರದಿತ್ತು.

ಮೇಡಂ ಈ ಸಲ ನಗಲಿಲ್ಲ. ಮೇಜಿನ ಮೇಲಿದ್ದ ತಮ್ಮ ಲೆಕ್ಕದ ಹಾಳೆ ಎತ್ತಿ ನೋಡಿದರು. ಆಮೇಲೆ, "ನಾನು ತಪ್ಪು ಪ್ರಶ್ನೆ ಕೇಳಿದೆ ಅಮ್ಮ. ಬಿಟ್ಟವರನ್ನ ಮಾತ್ರ ಕೇಳಿದೆ. ಪೂರ್ತಿ ತಿಂದವರನ್ನ ಕೇಳಲೇ ಇಲ್ಲ" ಅಂದರು.

ಕಲಿತವರು ನನ್ನ ಮುಂದೆ ತಪ್ಪು ಒಪ್ಪಿಕೊಂಡದ್ದು ಈ ಜನ್ಮದಲ್ಲಿ ಇದೇ ಮೊದಲು. ಬೈಯಲು ತಂದಿದ್ದ ಮಾತುಗಳೆಲ್ಲ ಕೈಯಲ್ಲೇ ಉಳಿದವು.

"ಈಗೇನು ಮಾಡೋಣ?" ಅಂತ ನನ್ನನ್ನೇ ಕೇಳಿದರು. ನನ್ನನ್ನು!

ಬಸ್ಸಿನಲ್ಲಿ ಯೋಚಿಸಿದೆ. ಒಂದೇ ಸಲ ಗುಡ್ಡೆ ಹಾಕಿದರೆ ಅರ್ಧ ಜನ ಬಿಡುತ್ತಾರೆ. ಸ್ವಲ್ಪ ಹಾಕಿದರೆ ಒಬ್ಬಳು ನೀರು ಕುಡಿಯುತ್ತಾಳೆ. ಹಾಗಾದರೆ ಗುಡ್ಡೆಯನ್ನು ಎರಡು ಸಲ ಮಾಡಿ ಹಾಕಬೇಕು. ಆದರೆ ಆ ಹುಡುಗಿ ಒಬ್ಬಳೇ ಎರಡನೇ ಸಲ ಎದ್ದು ಬಂದರೆ ಎಲ್ಲರೂ ನೋಡುತ್ತಾರೆ. ಎಲ್ಲರೂ ಎದ್ದು ಬಂದರೆ ಯಾರು ಯಾರನ್ನು ನೋಡುತ್ತಾರೆ?

ತಟ್ಟೆ ವಾಪಸ್ಸು ಕೊಡುವ ಮೂಲೆಯಲ್ಲಿ ಒಂದು ಹಳೆಯ ಕಿಟಕಿ ಇದೆ. ಅದರ ಹಿಂದೆ ಖಾಲಿ ಡಬ್ಬಿ ಪೇರಿಸಿದ್ದಾರೆ. ಡಬ್ಬಿ ಸರಿಸಿ ಕಿಟಕಿ ತೆರೆದು, ಎರಡನೇ ಸಲದ ಅನ್ನ ಅಲ್ಲಿ ಬಡಿಸಬೇಕು.

ನವೆಂಬರ್ 3, ಸೋಮವಾರ

ಮ್ಯಾನೇಜರ್ ಪ್ಯೋ ಜೊತೆ ಜಗಳ. "ಕಿಟಕಿ ತೆಗೆದ್ರೆ ಅಲ್ಲಿ ಒಬ್ಬರು ನಿಲ್ಬೇಕು. ಜನ ಎಲ್ಲಿದ್ದಾರೆ?"

"ನನ್ನ ವಿಶ್ರಾಂತಿಯ ಅರ್ಧ ಗಂಟೆ ಇದೆಯಲ್ಲ, ನಾನು ನಿಲ್ತೀನಿ."

"ಎರಡನೇ ಸಲ ಬಡಿಸಿದ್ರೆ ಮುಸುರೆ ಜಾಸ್ತಿ ಆಗಲ್ವಾ?"

"ಹಸಿವಾಗಿ ಎದ್ದು ಬಂದು ಕೇಳಿದವನು ಬಿಡಲ್ಲ. ನೀವು ಯಾವತ್ತಾದ್ರೂ ಹಸಿದಿದ್ರೆ ಗೊತ್ತಿರ್ತಿತ್ತು."

ಮೇಡಂ ಪಕ್ಕದಲ್ಲಿ ನಿಂತು ಕೆಮ್ಮಿದರು. ಕೊನೆಗೆ ಮ್ಯಾನೇಜರ್ ಸೆಮಿಸ್ಟರ್ ಮುಗಿಯುವವರೆಗೆ ಮಾತ್ರ ಅಂತ ಕಿಟಕಿಯ ಬೀಗದ ಕೈ ಕೊಟ್ಟರು. ಮೇಡಂ ಕ್ಲಾಸಿನ ಮಕ್ಕಳು ಕಿಟಕಿಗೆ ಏನೋ ಹೆಸರಿಡುತ್ತೇವೆ ಅಂದರು. ಬೇಡ ಅಂದೆ. ಹೆಸರು ಹಾಕಿದ ಕೂಡಲೇ ಅದು ಬಡವರ ಕಿಟಕಿ ಆಗುತ್ತದೆ. ಕಿಟಕಿ ಅಷ್ಟೇ.

ಓಕ್ಜಾ ಬಂದು ಗೊಣಗಿದಳು: "ನೀವು ನಿಂತಿದ್ರೆ ನಾನು ಕೂತ್ಕೊಂಡು ಉಣ್ಣೋಕಾಗುತ್ತಾ? ಒಂದು ದಿನ ನೀವು, ಒಂದು ದಿನ ನಾನು. ಹಾಳಾದ್ದು ಈ ಅಕ್ಕ ಅನ್ನೋ ಸಂಬಂಧ." ಅವಳಿಗೆ ಕಾಲಿನ ನರ ಉಬ್ಬಿದೆ. ಆದರೂ ಅಂದಳು. ಎದುರಿಗೆ ಏನೂ ಹೇಳಲಿಲ್ಲ, ಇಲ್ಲಿ ಬರೆದಿಟ್ಟಿದ್ದೇನೆ.

ನವೆಂಬರ್ 6, ಗುರುವಾರ

ಮೊದಲ ದಿನ ಕಿಟಕಿಗೆ ಯಾರೂ ಬರಲಿಲ್ಲ. ನಿನ್ನೆ ಕುಸ್ತಿ ತಂಡದ ಹುಡುಗರು ಬಂದರು, ಒಬ್ಬೊಬ್ಬ ನಾಲ್ಕು ಸಲ. ಕೊನೆಯವನಿಗೆ, "ಹೊಟ್ಟೆ ಎಲ್ಲಿ ಇಟ್ಕೊಂಡಿದ್ದೀಯೋ, ಕಾಲಲ್ಲೂ ಇದೆಯಾ?" ಅಂದೆ. "ಚಿಕ್ಕಮ್ಮಾ, ನೀವೇ ತಾನೆ ಮತ್ತೆ ಬಾ ಅಂದಿದ್ದು!" ಅಂದ. ಹೌದು, ಅಂದಿದ್ದೆ. ಅನ್ನದ ಜಾಗದಲ್ಲಿ ನಿಂತು ಎಲ್ಲರಿಗೂ ಅದನ್ನೇ ಹೇಳುತ್ತೇನೆ ಈಗ. ಸ್ವಲ್ಪ ಅಂದರೆ ಸ್ವಲ್ಪ ಹಾಕಿ, "ಮತ್ತೆ ಬಾ." ಒಂಬೈನೂರು ಸಲ. ಗಂಟಲು ಕಟ್ಟಿದೆ.

ಆ ದಾಂಡಿಗರನ್ನು ನೋಡಿ ಇವತ್ತು ಉಳಿದವರೂ ಬಂದರು. ಕಿಟಕಿ ಮುಂದೆ ಗಲಾಟೆಯೋ ಗಲಾಟೆ. ಆ ಗಲಾಟೆಯ ನಡುವೆ ಒಂದು ಖಾಲಿ ಬಟ್ಟಲು ಒಳಗೆ ಬಂತು. ಬೆಕ್ಕಿನ ಗೊಂಬೆ ಕಂಡಿತು. ನನ್ನ ಸಾಲಿಗೆ ಬಾರದೆ ಆಚೆ ಸಾಲಿನಲ್ಲಿ ಊಟ ತೆಗೆದುಕೊಂಡಿದ್ದಾಳೆ ಕಳ್ಳಿ.

"ಎಷ್ಟು?" ಅಂದೆ.

"ಸ್ವಲ್ಪ."

ಈ ಸಲ ನಾನು ಕೇಳಿಸಿಕೊಂಡೆ. ಬಾಯಿಂದ ಬಂದದ್ದನ್ನಲ್ಲ. ಬಟ್ಟಲು ತುಂಬ ಹಾಕಿದೆ. ಅವಳು ಕದಲಲಿಲ್ಲ.

"ಚಿಕ್ಕಮ್ಮ, ಅವತ್ತು ತಟ್ಟೆ ಬಿಟ್ಟು ಹೋದೆ. ತಪ್ಪಾಯ್ತು."

"ಅನ್ನ ಬಿಟ್ಟು ಹೋದದ್ದು ತಪ್ಪೇ. ನಿನ್ನ ಹೆಸರೇನೇ?"

"ಸೊಲ್."

"ಹೋಗು, ಅನ್ನ ಆರೋಗುತ್ತೆ. ಮತ್ತೆ ಬಾ."

ಇವತ್ತು ಹೊಟ್ಟೆ ತುಂಬಿದೆ ನನಗೆ. ಊಟ ಮಾಡಿಲ್ಲ, ಸಮಯವೇ ಸಿಗಲಿಲ್ಲ.

ನವೆಂಬರ್ 18, ಮಂಗಳವಾರ

ಮತ್ತೆ ಕ್ಲಾಸಿಗೆ ಕರೆದರು. ಹೋಗುವುದಿಲ್ಲ ಅಂದೆ. ಈ ಸಲ ಪಾಠ ಮಾಡುವುದು ನೀವು ಅಂದರು ಮೇಡಂ. ಸಟ್ಟುಗ ತೆಗೆದುಕೊಂಡು ಹೋದೆ. ಕೈಯಲ್ಲಿ ಏನೂ ಇಲ್ಲದಿದ್ದರೆ ನನಗೆ ಮಾತು ಬರುವುದಿಲ್ಲ.

ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಖಾಲಿ ಬಟ್ಟಲು ಹಿಡಿದು ಒಬ್ಬೊಬ್ಬರಾಗಿ ಬಂದು "ಸ್ವಲ್ಪ" ಅನ್ನಿ ಅಂದೆ. ಹಿಂದೆ ಒಂದೂ ಕೇಳಿಸುತ್ತಿರಲಿಲ್ಲ. ಈಗ ಎಲ್ಲ ಬೇರೆ ಬೇರೆ ಕೇಳಿಸುತ್ತದೆ.

"ನೀನು ಬನ್ ತಿಂದು ಬಂದಿದ್ದೀಯ, ನಿಂದು ನಿಜವಾದ ಸ್ವಲ್ಪ. ನೀನು ತೆಳ್ಳಗಾಗೋಕೆ ಹೊರಟಿದ್ದೀಯ, ನಿಂದು ಸುಳ್ಳು ಸ್ವಲ್ಪ, ಮೂರು ಗಂಟೆಗೆ ಬಿಸ್ಕತ್ತಿಗೆ ಓಡ್ತೀಯ. ನಿನಗೆ ರಾತ್ರಿ ಕುಡಿದಿದ್ದು ಇಳಿದಿಲ್ಲ, ಅನ್ನ ಬೇಡ, ಸಾರು ಕುಡಿ. ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಕೊನೆಯವನು ತಲೆ ಬಗ್ಗಿಸಿದ. ಉಳಿದವರು ಮೇಜು ಬಡಿದು ನಕ್ಕರು. ಹೇಗೆ ಗೊತ್ತಾಗುತ್ತೆ ಅಂತ ಕೇಳಿದರು. ಬಟ್ಟಲು ಹಿಡಿದಿರೋ ಕೈ ನೋಡಿ ಅಂದೆ. ಬೇಡದವನ ಬಟ್ಟಲು ಹಿಂದೆ ಹೋಗುತ್ತದೆ, ಬೇಕಾದವನ ಬಟ್ಟಲು ಅಲ್ಲೇ ನಿಲ್ಲುತ್ತದೆ. ಎಲ್ಲರೂ ಬರೆದುಕೊಂಡರು! ನಾನು ಹೇಳಿದ್ದನ್ನು ನಲವತ್ತು ಪೆನ್ನುಗಳು ಬರೆದುಕೊಂಡವು.

ಹೊರಡುವಾಗ ಮೇಡಂ ಎರಡೂ ಕೈ ಜೋಡಿಸಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಮಕ್ಕಳೂ ಎದ್ದು ನಿಂತರು. ಬಾಗಿಲು ಮತ್ತೆ ಮೆಲ್ಲಗೆ ಮುಚ್ಚಿಕೊಂಡಿತು. ಒಳ್ಳೆಯ ಬಾಗಿಲು ಅದು.

ನವೆಂಬರ್ 27, ಗುರುವಾರ

ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿದೆ. ಕೊನೆಯ ತೂಕಕ್ಕೆ ಎರಡು ವಾರ ಉಳಿದಿದೆ. ಓಕ್ಜಾ ಸಾರಿನ ಡ್ರಮ್ಮು ನೋಡುತ್ತಾ ಪಿಸುಗುಟ್ಟಿದಳು: "ಅಕ್ಕಾ, ತೂಗೋಕೆ ಮುಂಚೆ ಸಾರಿನ ನೀರು ಚರಂಡಿಗೆ ಬಿಟ್ರೆ? ಹದಿನೈದು ಕಿಲೋ ಇಳಿಯುತ್ತೆ. ಯಾರು ನೋಡ್ತಾರೆ?"

ಒಂದು ಕ್ಷಣ ನಾನೂ ಚರಂಡಿ ನೋಡಿದೆ. ಸುಳ್ಳು ಹೇಳುವುದಿಲ್ಲ.

"ಆ ಮಕ್ಕಳು ಮೂಗು ಮುಚ್ಕೊಂಡು ಮೂರು ತಿಂಗಳು ತೂಗಿದ್ದಾರೆ ಓಕ್ಜಾ. ಅವರ ತಕ್ಕಡಿಗೆ ಸುಳ್ಳು ಹೇಳಿಸೋದಾ?"

"ಕೆಲಸ ಹೋದ್ರೆ?"

"ಹೋದ್ರೆ ಇಬ್ರೂ ಸೇರಿ ಸಾರಿನ ಅಂಗಡಿ ಇಡೋಣ."

"ನಿಮ್ಮ ಜೊತೆಗಾ? ಮೊದಲ ದಿನಾನೇ ಗಿರಾಕಿಗೆ ಬೈದು ಓಡಿಸ್ತೀರಿ." ಅಂದಳು. ಆದರೆ ಡ್ರಮ್ಮನ್ನು ತಕ್ಕಡಿ ಕಡೆ ತಳ್ಳಿದಳು.

ಡಿಸೆಂಬರ್ 4, ಗುರುವಾರ

ಹಿಮ. ಮುದುಕ ನನಗಿಂತ ಮುಂಚೆ ಎದ್ದು ನನ್ನ ಬೂಟನ್ನು ಒಲೆ ಹತ್ತಿರ ಬೆಚ್ಚಗೆ ಇಟ್ಟಿದ್ದರು. ಸಕ್ಕರೆ ಇಳಿದಿದೆ ಅಂದರಂತೆ ಡಾಕ್ಟರು. ಕೋಳಿಗಳು ಬಡವಾಗಿವೆ.

ಡಿಸೆಂಬರ್ 12, ಶುಕ್ರವಾರ

ಕೊನೆಯ ತೂಕ. ಕ್ಲಾಸಿನ ಮಕ್ಕಳೆಲ್ಲ ಬಂದು ನಿಂತಿದ್ದರು. ಈ ವಾರದ ಐದು ದಿನ ಸೇರಿಸಿ ದಿನಕ್ಕೆ ಎಪ್ಪತ್ಮೂರು.

ಎಪ್ಪತ್ತಲ್ಲ. ಎಪ್ಪತ್ಮೂರು.

ಒಬ್ಬಳು ಅಳತೊಡಗಿದಳು. ಸೆಪ್ಟೆಂಬರಿನಲ್ಲಿ ಮೂಗು ಹಿಡಿದುಕೊಂಡು ಓಡಿದವನು ಮಾಸ್ಕು ಇಲ್ಲದೆ ಡ್ರಮ್ಮಿನ ಮೇಲೆ ಬಗ್ಗಿ, "ಇನ್ನೊಂದ್ಸಲ ತೂಗಣ, ತಕ್ಕಡಿ ಸರಿ ಇಲ್ಲ" ಅಂದ. "ತಕ್ಕಡಿ ಸರಿಯಾಗೇ ಇದೆ ಕಣೋ" ಅಂದೆ. ಮ್ಯಾನೇಜರ್ ಪ್ಯೋ ಬರೆದುಕೊಂಡು, "ಕಮಿಟಿ ಮುಂದೆ ಇಡ್ತೀನಿ. ನೋಡೋಣ" ಅಂದು ಹೋದರು.

ಮಧ್ಯಾಹ್ನ ಕಿಟಕಿಯಲ್ಲಿ ನಿಂತಿದ್ದಾಗ ಸೊಲ್ ಬಂದಳು. ಬಟ್ಟಲು ಇರಲಿಲ್ಲ. ಎರಡು ಕಿತ್ತಳೆ ಹಣ್ಣು ಇಟ್ಟಳು. ಜೇಜು ದ್ವೀಪದವು, ಸಿಪ್ಪೆ ತೆಳು.

"ಇದೇನೇ?"

"ಗ್ರಂಥಾಲಯದಲ್ಲಿ ಕೆಲಸ ಸಿಕ್ತು ಚಿಕ್ಕಮ್ಮ. ಸ್ವಲ್ಪ ತಂದೆ."

"ಸ್ವಲ್ಪ ಅಂದ್ರೆ ಎಷ್ಟು?"

ನಗುತ್ತಾ ಬ್ಯಾಗು ತೆರೆದಳು. ಇನ್ನೂ ಮೂರು ಇದ್ದವು. "ಇವು ಓಕ್ಜಾ ಚಿಕ್ಕಮ್ಮನಿಗೆ, ಆಚೆ ಸಾಲಿನ ಇಬ್ಬರಿಗೆ. ಎಲ್ಲರಿಗೂ ಕೊಡ್ಬೇಕು. ಒಬ್ಬರಿಗೇ ಕೊಟ್ರೆ ಎಲ್ಲ ನೋಡ್ತಾರೆ."

ಕಿಟಕಿಯ ಗಾಜು ಒರೆಸುವ ನೆಪದಲ್ಲಿ ಆಚೆ ತಿರುಗಿದೆ. ರಾತ್ರಿ ಮನೆಯಲ್ಲಿ ಒಂದು ಹಣ್ಣಿನ ಅರ್ಧವನ್ನು ಮುದುಕನಿಗೆ ಕೊಟ್ಟೆ. ಅವರಿಗೆ ಅರ್ಧ ಸಾಕು.

ಡಿಸೆಂಬರ್ 15, ಸೋಮವಾರ

ಈ ಪುಸ್ತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ ಅಂದಿದ್ದರು. ತೋರಿಸುತ್ತೇನೆ. ನಾಳೆ ಮ್ಯಾನೇಜರ್ ಪ್ಯೋ ಅವರ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಅವರ ಬಗ್ಗೆ ಬರೆದದ್ದನ್ನೂ ಅಳಿಸಿಲ್ಲ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಲಿ. ಈ ಹಾಳೆ ಅವರಿಗೆ.

ಮ್ಯಾನೇಜರ್ ಅವರೇ, ಎಪ್ಪತ್ತು ಕೇಳಿದಿರಿ, ಎಪ್ಪತ್ಮೂರು ಕೊಟ್ಟಿದ್ದೇವೆ. ಮೂರು ಕಿಲೋ ಸೋತಿದ್ದೇವೆ. ಆ ಮೂರು ಕಿಲೋವನ್ನು ಚರಂಡಿಗೆ ಬಿಡಬಹುದಿತ್ತು, ಬಿಡಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಅದನ್ನೂ ಇಳಿಸುತ್ತೇವೆ. ಹೇಗೆ ಅಂತ ಈಗ ನಮಗೆ ಗೊತ್ತು, ತಾಕ್ ಮೇಡಂ ಮಕ್ಕಳಿಗೂ ಗೊತ್ತು. ಬೇಕಾದರೆ ಯಂತ್ರದ ಮುಂದೆ ನಿಂತು ನೀವೇ ಒಮ್ಮೆ ‘ಸ್ವಲ್ಪ’ ಅಂದು ನೋಡಿ.

ನೀವು ಕೊಟ್ಟ ಬೀಗದ ಕೈ ನನ್ನ ಏಪ್ರನ್ನಿನ ಜೇಬಿನಲ್ಲಿದೆ. ಕೊಟ್ಟದ್ದಕ್ಕೆ ನಿಮಗೆ ಋಣಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಅದನ್ನು ವಾಪಸ್ಸು ಕೊಡಬೇಕೋ, ಮಾರ್ಚಿಗೆ ಇಟ್ಟುಕೊಳ್ಳಬೇಕೋ ಹೇಳಿ. ‘ನೋಡೋಣ’ ಬೇಡ. ಇಟ್ಟುಕೋ ಅಥವಾ ಕೊಡು, ಎರಡರಲ್ಲಿ ಒಂದು ಮಾತು. ಹತ್ತೊಂಬತ್ತನೇ ತಾರೀಖು ಶುಕ್ರವಾರ, ಸೆಮಿಸ್ಟರಿನ ಕೊನೆಯ ದಿನ, ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಉತ್ತರ ಬೇಕು. ಕಿಟಕಿಯಲ್ಲಿ ನಿಂತಿರುತ್ತೇನೆ.